ಮೂರು ಮುಡಿ ಅಕ್ಕಿಯ ಬಾಕಿ

ಈ ಸಲ ಮೊಂತಿ ಫೆಸ್ತಿನ ದಿನ ನಾನು ತೆನೆಯನ್ನು ನೇರವಾಗಿ ಮನೆಗೆ ತರಲಿಲ್ಲ.

ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಇಗರ್ಜಿಯ ಅಂಗಳದಲ್ಲಿ ಆಶೀರ್ವದಿಸಿದ ಹೊಸ ತೆನೆ ಪೂಜೆ ಮುಗಿದ ಮೇಲೆ ಎಲ್ಲರ ಕೈಗೆ ಬಂದಿತ್ತು. ಒಂಬತ್ತು ದಿನ ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಮ್ಮನ ಮುಂದೆ ಚೆಲ್ಲಿದ ಮಕ್ಕಳು ಕಬ್ಬಿಗಾಗಿ ಸಾಲುಗಟ್ಟಿದ್ದರು. ಮನೆಯಲ್ಲಿ ಹೆಂಡತಿ ಬಾಳೆಲೆ ತೊಳೆದಿಟ್ಟು, ಕೆಸುವಿನ ದಂಟು, ಹೀರೆ, ಬೆಂಡೆ, ಅಲಸಂಡೆ ಎಂದು ಏಳು ಬಗೆ ಮಾಡಿ ಕಾಯುತ್ತಿದ್ದಳು. ಈ ದಿನ ನಮ್ಮಲ್ಲಿ ಮೀನಿಲ್ಲ, ಮಾಂಸವಿಲ್ಲ. ಹೊಸ ಭತ್ತದ ಕಾಳು ಸುಲಿದು ತೆಂಗಿನ ಹಾಲಿಗೆ ಬೆರೆಸಿ, ಎಲ್ಲರೂ ಒಂದೊಂದು ಗುಟುಕು ಕುಡಿದ ಮೇಲೆಯೇ ಊಟ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಇಗರ್ಜಿ ಇದೆ. ಗೋವೆಯಿಂದ ಬಂದ ಜೋಕಿಂ ಮಿರಾಂದ ಪಾದ್ರಿಗಳು 1763ರಲ್ಲಿ ಈ ಹಬ್ಬವನ್ನು ಅಲ್ಲಿ ಶುರು ಮಾಡಿದರೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ.

ತೆನೆಯ ಹಬ್ಬ ಅದಕ್ಕಿಂತ ಎಷ್ಟೋ ಹಳೆಯದು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಮೊದಲ ಸಿವುಡನ್ನು ಯಾಜಕನ ಕೈಗೆ ಕೊಡಬೇಕು, ಅವನು ಅದನ್ನು ದೇವರ ಮುಂದೆ ಎತ್ತಿ ತೋರಿಸಬೇಕು ಎಂದಿದೆ. ಆ ಅಧ್ಯಾಯವಿಡೀ ಹಬ್ಬಗಳ ಪಟ್ಟಿ: ಪಾಸ್ಕ, ವಾರಗಳ ಹಬ್ಬ, ಪರ್ಣಕುಟೀರಗಳ ಹಬ್ಬ, ಯಾವ ತಿಂಗಳು, ಯಾವ ದಿನ, ಯಾವ ಬಲಿ. ಅದರ ನಟ್ಟನಡುವೆ, 22ನೇ ವಚನದಲ್ಲಿ, ಹಬ್ಬವೇ ಅಲ್ಲದ ಒಂದು ಮಾತು ಬರುತ್ತದೆ. ಗದ್ದೆಯ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು ಆಯಬೇಡ, ಅದನ್ನು ಬಡವನಿಗೂ ಪರದೇಶಿಗೂ ಬಿಟ್ಟುಬಿಡು. ಎಷ್ಟೋ ವರ್ಷ ನಾನು ಇದನ್ನು ಗಮನಿಸದೆ ಓದಿ ದಾಟಿದ್ದೆ. ಮೋಶೆಯ ಮೂಲಕ ಬಂದ ಈ ಕಟ್ಟಳೆಯಲ್ಲಿ ದೇವರಿಗೆ ಎತ್ತಿದ ಸಿವುಡು, ಅಂಚಿನಲ್ಲಿ ಬಿಟ್ಟ ತೆನೆ ಎರಡೂ ಒಂದೇ ಕೊಯ್ಲಿನವು. ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ದಾರಿ ಅದರಲ್ಲಿಲ್ಲ.

ನಮ್ಮ ಮನೆಯವರು ಚಾಲಗೇಣಿಯ ಒಕ್ಕಲು. ಗೇಣಿ ಅಳೆದು ಕೊಟ್ಟ ಮೇಲೆ ಉಳಿದದ್ದೇ ನಮ್ಮದು. ಧಣಿ ಬಾ ಎಂದರೆ ಹೋಗಬೇಕು, ಏಳು ಎಂದರೆ ಏಳಬೇಕು. 1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣೆ ಕಾಯ್ದೆ ಬಂತು, ಉಳುವವನೇ ಹೊಲದೊಡೆಯ. ಗದ್ದೆ ಉಳುವವರು ತಾವೆಂದು ಅಜ್ಜ ಡಿಕ್ಲರೇಶನ್ ಅರ್ಜಿ ಹಾಕಿದರು. ಕೆಲವು ವರ್ಷ ಟ್ರಿಬ್ಯೂನಲ್ಲಿಗೆ ಅಲೆದು ಎರಡು ಎಕರೆ ನಮ್ಮ ಹೆಸರಿಗಾಯಿತು. ನಮ್ಮ ಊರಿನಲ್ಲಿ ಯಾರೂ ಯಾರ ಮೇಲೂ ಕೈಯೆತ್ತದೆ ಇದಾಯಿತು. ಆ ವರ್ಷದ ತೆನೆ ಹಬ್ಬದ ರಾತ್ರಿ ಅಜ್ಜ ಮನೆಯ ಆಲ್ತಾರಿನ, ದೇವರ ಪೀಠದ ಮುಂದೆ ಮೊಣಕಾಲೂರಿ ಮರಿಯಮ್ಮನ ಹಾಡನ್ನು ಹೇಳಿದರಂತೆ, ಲೂಕನ ಮೊದಲ ಅಧ್ಯಾಯದ್ದು. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿದನು, ದೀನರನ್ನು ಮೇಲಕ್ಕೆತ್ತಿದನು, ಹಸಿದವರ ಹೊಟ್ಟೆ ತುಂಬಿಸಿದನು. ಹೇಳುತ್ತಾ ಅವರ ಗಂಟಲು ಕಟ್ಟಿತೆಂದು ಅಪ್ಪ ಹೇಳುತ್ತಿದ್ದರು.

ಆ ಹಾಡನ್ನು ಹಾಡಿದವಳು ನಜರೇತಿನ ಒಬ್ಬ ಹುಡುಗಿ. ಮೇಲೆ ರೋಮಿನ ಚಕ್ರವರ್ತಿ, ಹತ್ತಿರದಲ್ಲಿ ಹೆರೋದ. ಅವಳ ಕೈಯಲ್ಲಿ ಆಯುಧವಿಲ್ಲ. ಇಳಿಸುವುದೂ ಎತ್ತುವುದೂ ದೇವರ ತೋಳು. ಆದರೂ ಅವಳು ಧ್ವನಿ ತಗ್ಗಿಸಿ ಮಾತಾಡುವುದಿಲ್ಲ. ಸುಮ್ಮನೆ ಸಹಿಸಿಕೊಳ್ಳುವುದೇ ಕ್ರೈಸ್ತ ಅಹಿಂಸೆ ಎಂದುಕೊಂಡವರು ಈ ಹಾಡನ್ನು ಇನ್ನೊಮ್ಮೆ ಓದಬೇಕು.

2008ರ ಸೆಪ್ಟೆಂಬರ್ 14, ಭಾನುವಾರ. ಮೊಂತಿ ಹಬ್ಬ ಕಳೆದು ಆರೇ ದಿನ, ಪವಿತ್ರ ಶಿಲುಬೆಯ ಹಬ್ಬ. ಮಂಗಳೂರಿನ ಮಿಲಾಗ್ರಿಸ್ ಹತ್ತಿರ ಮಠದೊಳಗೇ ಉಳಿದು ಪ್ರಾರ್ಥಿಸುವ ಸಂತ ಕ್ಲಾರಾ ಸಭೆಯ ಭಗಿನಿಯರ ಆರಾಧನಾ ಮಂದಿರದ ಮೇಲೆ ದಾಳಿಯಾಯಿತು. ಆ ದಿನ ಬೇರೆ ಹಲವು ಪ್ರಾರ್ಥನಾಲಯಗಳಿಗೂ ಅದೇ ಗತಿ. ಊರಿಡೀ ಕುದಿಯುತ್ತಿತ್ತು. ನಾನೂ ತಮ್ಮನೂ ಹೊರಡಲು ಎದ್ದೆವು, ಎಲ್ಲಿಗೆ, ಯಾಕೆ ಎಂಬುದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ನಮ್ಮೂರ ಮಾತಿನಲ್ಲಿ ಕತ್ತಿ ಎಂದರೆ ಯುದ್ಧದ ಖಡ್ಗವಲ್ಲ, ಸೊಪ್ಪು ಕಡಿಯುವ, ಸೊಂಟದ ಕೊಕ್ಕೆಯಲ್ಲಿ ತೂಗುವ ಮನೆಯ ಸಾಮಾನು. ಆ ರಾತ್ರಿ ಅಪ್ಪ ಮನೆಯಲ್ಲಿದ್ದ ಎರಡು ಕತ್ತಿಗಳನ್ನೂ ತೆಗೆದು ಹಟ್ಟಿಯ ಅಟ್ಟದಲ್ಲಿ ಹುಲ್ಲಿನ ಅಡಿಗೆ ತುರುಕಿದರು. "ಇದು ಸೊಪ್ಪು ಕಡಿಯಲಿಕ್ಕೆ ಇರುವುದು ಮಗಾ" ಎಂದರು, ಅಷ್ಟೇ.

ತನ್ನನ್ನು ಹಿಡಿಯಲು ಬಂದ ಆಳಿನ ಕಿವಿಯನ್ನು ಕತ್ತಿಯಿಂದ ಕತ್ತರಿಸಿದ ಶಿಷ್ಯ ಪೇತ್ರನಿಗೆ ಯೇಸು ಹೇಳಿದ್ದೂ ಅದನ್ನೇ. ಕತ್ತಿಯನ್ನು ಒರೆಗೆ ಹಾಕು, ಕತ್ತಿ ಹಿಡಿದವರು ಕತ್ತಿಯಿಂದಲೇ ಸಾಯುತ್ತಾರೆ. ಲೂಕ ಇನ್ನೂ ಒಂದು ವಿಷಯ ಹೇಳುತ್ತಾನೆ: ಕತ್ತರಿಸಿಹೋದ ಆ ಆಳಿನ ಕಿವಿಯನ್ನು ಯೇಸು ಮುಟ್ಟಿ ಗುಣಪಡಿಸಿದರು. ಶಿಲುಬೆಗೆ ಮೊದಲು ಅವರು ಮಾಡಿದ ಕೊನೆಯ ಗುಣದ ಕೆಲಸ ಅದು, ತನ್ನನ್ನು ಹಿಡಿಯಲು ಬಂದವನಿಗೆ. ಇದೆಲ್ಲ ಓದಿದ್ದರೂ ಅಪ್ಪ ಹೆದರಿದರೆಂದೇ ನಾನು ಬಹಳ ಕಾಲ ತಿಳಿದಿದ್ದೆ.

ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಅಪ್ಪ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು. ಗದ್ದೆ ನಮ್ಮದಾದ ಮೇಲೆ ಸರಕಾರಕ್ಕೆ ಕಂತು ಕಟ್ಟಬೇಕಿತ್ತು. ಆ ವರ್ಷ ಕೈಯಲ್ಲಿ ಏನೂ ಇಲ್ಲ. ವರ್ಷಗಟ್ಟಲೆ ನಮ್ಮಲ್ಲಿ ನೇಜಿ ನೆಟ್ಟು ಕೊಯ್ದವಳಿಗೆ ಅಜ್ಜ "ಬರುವ ಏಣೇಲಿಗೆ ಕೊಡುವ" ಎಂದರು, ಏಣೇಲು ಎಂದರೆ ಮಳೆಗಾಲದ ಬೆಳೆ. ಮೂರು ಮುಡಿ ಅಕ್ಕಿ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮೂರು ಮೂಟೆ. ಮುಂದಿನ ಏಣೇಲೂ ಆಯಿತು, ಸುಗ್ಗಿಯೂ ಆಯಿತು. ಅವಳು ಎರಡು ಸಲ ಕೇಳಿದಳು, ಮೂರನೇ ಸಲ ಕೇಳಲಿಲ್ಲ. ಗದ್ದೆಗೆ ಬರುವುದನ್ನೂ ಬಿಟ್ಟಳು. "ಧಣಿ ಇಳಿದ ಜಾಗದಲ್ಲಿ ನಾವು ಕೂತೆವು" ಎಂದರು ಅಪ್ಪ.

ಸಿರಾಕನ ಗ್ರಂಥದ 34ನೇ ಅಧ್ಯಾಯದಲ್ಲಿ ಬಡವರ ಅನ್ನವೇ ಅವರ ಪ್ರಾಣ, ಅದನ್ನು ಕಿತ್ತುಕೊಂಡವನು ಕೊಲೆಗಾರ ಎಂದಿದೆ. ಕೂಲಿಯಾಳಿನ ಕೂಲಿ ತಡೆದವನು ರಕ್ತ ಸುರಿಸಿದವನು ಎಂದೂ ಇದೆ. ಯಾಕೋಬನ ಪತ್ರದಲ್ಲಂತೂ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ತಾನೇ ಬಾಯಿಬಿಟ್ಟು ಕೂಗುತ್ತದೆ. ಇವನ್ನು ಓದಿದ ಮೇಲೆ ಹಿಂಸೆ ಎಂದರೆ ಹಟ್ಟಿಯ ಅಟ್ಟದಲ್ಲಿದ್ದ ಆ ಎರಡು ಕತ್ತಿಗಳು ಮಾತ್ರ ಎಂದುಕೊಳ್ಳಲು ನನಗೆ ಆಗಲಿಲ್ಲ. ನಮ್ಮ ಮನೆಯಲ್ಲಿ ರಕ್ತ ಅದಕ್ಕಿಂತ ಬಹಳ ಮೊದಲೇ ಬಿದ್ದಿತ್ತು, ಕಣಜದ ಒಳಗೆ. ಆ ಭತ್ತದ ತೆನೆಯನ್ನೇ ನಾವು ವರ್ಷಾ ವರ್ಷಾ ಆಲ್ತಾರಿನ ಮೇಲಿಟ್ಟು ಮೇಣದಬತ್ತಿ ಹಚ್ಚಿದ್ದೆವು.

ಇಷ್ಟು ತಿಳಿದೂ ಐದು ವರ್ಷ ಸುಮ್ಮನಿದ್ದೆ. ಈ ಸಲ ಪೂಜೆಯಲ್ಲಿ ತೆನೆ ಹಿಡಿದು ನಿಂತಾಗ ಮತ್ತಾಯನ ಮಾತು ಎದೆಗೆ ಬಂದು ಕೂತಿತು. ಪೀಠಕ್ಕೆ ಕಾಣಿಕೆ ತಂದವನೇ, ನಿನ್ನ ಮೇಲೆ ಸಹೋದರನಿಗೆ ಏನೋ ಮನಸ್ತಾಪವಿದೆ ಎಂದು ಅಲ್ಲೇ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಡು, ಮೊದಲು ಹೋಗು. ಮನಸ್ತಾಪ ನನಗಲ್ಲ, ಅವನಿಗೆ. ಹೋಗಬೇಕಾದವನು ಮಾತ್ರ ನಾನು.

ನೇಜಿ ನೆಟ್ಟ ಆ ಅಮ್ಮ ತೀರಿಹೋಗಿದ್ದಾರೆ. ಮಗಳು ಕಾಲನಿಯ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು, ನನಗಿಂತ ಹಿರಿಯರು. "ಅಕ್ಕ" ಎಂದು ಕರೆದು ವಿಷಯ ಹೇಳಿದೆ. ಅವರು ಬೀಡಿ ಕಟ್ಟುವ ಸೂಪಿನಿಂದ, ಎಂದರೆ ಮೊರದಿಂದ, ಕೈ ತೆಗೆಯಲಿಲ್ಲ. ಅಮ್ಮ ಹೇಳಿದ್ದು ನೆನಪುಂಟು ಎಂದರು. ಸ್ವಲ್ಪ ಹೊತ್ತಿನ ಮೇಲೆ, ಇಲ್ಲಿ ನಮ್ಮ ಕ್ರೈಸ್ತರನ್ನು ಕರೆಯುವಂತೆ ಪೊರ್ಬು ಎಂದು ಕರೆದು, ತುಳುವಿನಲ್ಲಿ ಕೇಳಿದರು, "ಆಗಿನ ಲೆಕ್ಕವೋ ಪೊರ್ಬುಳೇ, ಈಗಿನ ಲೆಕ್ಕವೋ?"

ಈಗಿನದ್ದು, ಅದರ ನಾಲ್ಕರಷ್ಟು ಎಂದೆ. ಮರದಿಂದ ಇಳಿದು ಬಂದ ಸುಂಕದ ಜಕ್ಕಾಯ ಯೇಸುವಿನ ಮುಂದೆ ನಿಂತು ತಾನು ಕಿತ್ತುಕೊಂಡದ್ದಕ್ಕೆ ಹೇಳಿದ ಲೆಕ್ಕ ಅದು. ಬೇಡ ಎನ್ನಲಿಲ್ಲ ಅವರು. ಬೇಡ ಎಂದಾರು ಎಂದು ನನ್ನ ಮನಸ್ಸಿನ ಮೂಲೆಯೊಂದು ಕಾಯುತ್ತಿತ್ತೆಂದು ನನಗೆ ಆಗಲೇ ತಿಳಿದದ್ದು. ಲಕೋಟೆಯ ನೋಟುಗಳನ್ನು ಎರಡು ಸಲ ಎಣಿಸಿದರು. ಬೀಡಿ ಪುಸ್ತಕದ ಹಿಂದಿನ ಪುಟದಲ್ಲಿ ತನ್ನದೂ ಸೇರಿಸಿ ನಾಲ್ಕು ಹೆಸರು ಬರೆದು, "ಅಮ್ಮನಿಗೆ ನಾವು ನಾಲ್ಕು ಮಂದಿ" ಎಂದು ಪಾಲು ಹಾಕಿದರು. ಪ್ರತಿಯೊಬ್ಬರಿಗೂ ಮೂರು ಮುಡಿಯ ಬೆಲೆ.

ಹೊರಡುವಾಗ ನನ್ನ ಕೈಯ ತೆನೆಯಿಂದ ಎರಡು ಕದಿರು ಬಿಡಿಸಿ ಕೊಟ್ಟೆ. ಅವರ ಕಂಬದಲ್ಲಿ ಹೋದ ವರ್ಷ ಕಟ್ಟಿದ ಕದಿರು ಒಣಗಿ ನಿಂತಿತ್ತು, ಅದರ ಪಕ್ಕಕ್ಕೆ ಸಿಕ್ಕಿಸಿದರು.

ಮನೆಗೆ ಬರುವಾಗ ಗಂಟೆ ಎರಡಾಗಿತ್ತು. ಎಲೆ ಹಾಕಿಯೇ ಇತ್ತು. ಯಾರೂ ಉಂಡಿರಲಿಲ್ಲ.