150 ಗ್ರಾಂ ಆಸೆಗೆ ಬಿದ್ದು

ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಬಂದ ಮೇಲೆ ಇದು ನನ್ನ ಮೂರನೇ ಚಳಿಗಾಲ. ಮೊನ್ನೆ ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ನನ್ನ ಸ್ಕೀಯ ಹೊಸ ಬೈಂಡಿಂಗ್ ತೋರಿಸಿದೆ. "ಇದೇನೋ ಇದು, ಹೊಲಿಗೆ ಮಷೀನಿನ ಬಿಡಿಭಾಗದ ಥರ ಇದೆ" ಅಂದಳು. ಬೆಲೆ ನಾನು ಹೇಳಲಿಲ್ಲ.

ಇಲ್ಲಿನವರಿಗೆ ಸ್ಕೀ ಟೂರಿಂಗ್ ಹುಚ್ಚು. ಲಿಫ್ಟ್ ಹತ್ತದೆ, ಸ್ಕೀ ಹಾಕಿಕೊಂಡೇ ಬೆಟ್ಟ ಏರುತ್ತಾರೆ. ಆಮೇಲೆ ಅದೇ ಸ್ಕೀಯಲ್ಲಿ ಜಾರಿ ಇಳಿಯುತ್ತಾರೆ. ಏರುವಾಗ ಸ್ಕೀಯ ತಳಕ್ಕೆ ಉದ್ದನೆಯ ಪಟ್ಟಿ ಅಂಟಿಸಿರುತ್ತಾರೆ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಬೆಕ್ಕಿನ ಬೆನ್ನು ಸವರಿದ ಹಾಗೆ, ಮುಂದಕ್ಕೆ ನಯ, ಹಿಂದಕ್ಕೆ ತಡೆ. ಹಿಂದೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರಂತೆ, ಈಗ ಮೊಹೇರ್ ಎಂಬ ಮೇಕೆ ಕೂದಲು, ನೈಲಾನ್.

ಬೂಟನ್ನು ಸ್ಕೀಗೆ ಹಿಡಿದಿಡುವುದೇ ಬೈಂಡಿಂಗ್. ಏರುವಾಗ ಹಿಮ್ಮಡಿ ಏಳಲು ಬಿಡಬೇಕು. ಇಳಿಯುವಾಗ ಹಿಮ್ಮಡಿಯನ್ನು ಕಚ್ಚಿ ಹಿಡಿಯಬೇಕು. ಬಿದ್ದರೆ, ಕಾಲು ಮುರಿಯುವ ಮೊದಲೇ ಬೂಟನ್ನು ಬಿಟ್ಟುಬಿಡಬೇಕು. ಅಂಗೈಯಷ್ಟು ಲೋಹ ಇಷ್ಟೆಲ್ಲ ಮಾಡಬೇಕು, ಅಲ್ವಾ?

ಮೊದಲ ವರ್ಷ ಬಾಡಿಗೆಗೆ ಸಿಕ್ಕಿದ್ದು ಹಳೆಯ ಫ್ರೇಮ್ ಬೈಂಡಿಂಗ್. ಅದರಲ್ಲಿ ಬೂಟಿನ ಕೆಳಗೆ ಒಂದು ಚೌಕಟ್ಟೇ ಇರುತ್ತದೆ. ಪ್ರತಿ ಹೆಜ್ಜೆಗೂ ಹಿಮ್ಮಡಿಯ ಜೊತೆ ಆ ಚೌಕಟ್ಟೂ ಮೇಲೇಳುತ್ತದೆ. ಒಂದು ಕಾಲಿಗೆ ಕೆಜಿಗೂ ಜಾಸ್ತಿ ತೂಕ. ಕುಮಾರ ಪರ್ವತ ಹತ್ತಿದವನು ನಾನು ಅಂತ ಇಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಕುಮಾರ ಪರ್ವತದ ತುದಿ 1712 ಮೀಟರ್. ನಾವು ಹೋಗುವ ಪ್ರಾಕ್ಸ್‌ಮಾರ್ ಎಂಬ ಹಳ್ಳಿ ಇರುವುದು 1689 ಮೀಟರ್‌ನಲ್ಲಿ. ಅಂದರೆ ನಮ್ಮ ಶಿಖರದ ಎತ್ತರದಲ್ಲಿ ಇವರು ಕಾರು ನಿಲ್ಲಿಸಿ ಹತ್ತಲು ಶುರು ಮಾಡುತ್ತಾರೆ!

ಆ ಚೌಕಟ್ಟನ್ನೇ ಕಿತ್ತು ಹಾಕಿದವರು ಫ್ರಿಟ್ಜ್ ಬಾರ್ಟೆಲ್, ಇನ್ಸ್‌ಬ್ರುಕ್ ಇರುವ ಇದೇ ಟಿರೋಲ್ ಪ್ರಾಂತ್ಯದವರು. 1980ರ ದಶಕದ ಮಾತು. ಸ್ಕೀ ಬೂಟೇ ಕಲ್ಲಿನಷ್ಟು ಗಟ್ಟಿ, ಅದರ ಕೆಳಗೆ ಇನ್ನೊಂದು ಚೌಕಟ್ಟು ಯಾಕೆ? ಬೂಟಿನ ತುದಿಯ ಎರಡೂ ಬದಿಗೆ ಲೋಹದ ಪುಟ್ಟ ಗುಳಿ, ಅದರೊಳಗೆ ಬೈಂಡಿಂಗ್‌ನ ಎರಡು ಪಿನ್ನು. ಬಾಗಿಲಿನ ತಿರುಗುಣಿಯ ಹಾಗೆ ಬೂಟು ಅಲ್ಲೇ ತಿರುಗುತ್ತದೆ. ಹಿಮ್ಮಡಿಗೆ ಬೇರೆಯೇ ಒಂದು ತುಂಡು, ಅದರಲ್ಲೂ ಎರಡು ಪಿನ್ನು. ಏರುವಾಗ ಆ ತುಂಡು ಸ್ಕೀಯ ಮೇಲೇ ಕೂತಿರುತ್ತದೆ, ನಾವು ಎತ್ತುವುದು ಬರೀ ಬೂಟನ್ನು. ಡೈನಾಫಿಟ್ ಕಂಪನಿ ಇದನ್ನು ಮಾರಿತು. ಈಗ ಹಗುರ ಬೈಂಡಿಂಗ್ ಎಂದರೆ ಎಲ್ಲ ಕಂಪನಿಯದೂ ಹೆಚ್ಚುಕಡಿಮೆ ಇದೇ ಉಪಾಯ.

ಎರಡನೇ ವರ್ಷ ನನಗೂ ಸ್ವಂತದ್ದು ಬೇಕು ಅನ್ನಿಸಿತು. ನೋಡುತ್ತ ಹೋದರೆ ತಲೆ ಕೆಡುತ್ತದೆ. ರೇಸ್‌ನವರದು ಒಂದು ಕಾಲಿಗೆ 150 ಗ್ರಾಂ ಸುತ್ತಮುತ್ತ, ಮಾಮೂಲಿನವು 250ರಿಂದ 400, ಇಳಿಯುವುದರ ಮೇಲೇ ಕಣ್ಣಿಟ್ಟವರದು 800 ದಾಟುತ್ತದೆ. ಸೆಕೆಂಡ್ ಹ್ಯಾಂಡ್ ಸ್ಕೀ ಒಂದು ಅಗ್ಗಕ್ಕೆ ಸಿಕ್ಕಿತು, ರೇಸ್ ಬೈಂಡಿಂಗ್ ಸಮೇತ. ತಕ್ಕಡಿಯ ಅಂಕಿ ನೋಡಿ ಮರುಳಾದೆ. ಇಲ್ಲದ್ದು ಏನು ಅಂತ ನೋಡಲೇ ಇಲ್ಲ.

ಬ್ರೇಕ್ ಇರಲಿಲ್ಲ. ಬ್ರೇಕ್ ಎಂದರೆ ಬೂಟು ಬಿಟ್ಟ ಕೂಡಲೇ ಹಿಮಕ್ಕೆ ಚುಚ್ಚಿ ನಿಲ್ಲುವ ಎರಡು ಕಡ್ಡಿ. ಅದಿಲ್ಲದವರು ಬೂಟಿಗೂ ಸ್ಕೀಗೂ ಹಗ್ಗ ಕಟ್ಟಿಕೊಳ್ಳುತ್ತಾರೆ. ಒಂದು ದಿನ ಪ್ರಾಕ್ಸ್‌ಮಾರ್‌ನಿಂದ ಲಾಂಪ್‌ಸೆನ್‌ಸ್ಪಿಟ್ಸೆ ಶಿಖರಕ್ಕೆ ಹೊರಟಿದ್ದೆ, 2875 ಮೀಟರ್. ತುದಿಯ ಸ್ವಲ್ಪ ಕೆಳಗೆ ಪಟ್ಟಿ ಬಿಚ್ಚಲು ಒಂದು ಸ್ಕೀ ಕಳಚಿದೆ, ಹಗ್ಗವನ್ನೂ ಬಿಚ್ಚಿದೆ. ಪಟ್ಟಿ ಕಿತ್ತು, ಮಡಚಲು ಸ್ಕೀಯನ್ನು ಒಂದೇ ಒಂದು ಕ್ಷಣ ಹಿಮದ ಮೇಲಿಟ್ಟೆ. ಸದ್ದೇ ಇಲ್ಲದೆ ಹೊರಟುಹೋಯಿತು. ಎಷ್ಟು ಚೆನ್ನಾಗಿ ಜಾರಿತು ಗೊತ್ತಾ, ನಾನು ಯಾವತ್ತೂ ಹಾಗೆ ಜಾರಿದವನಲ್ಲ. ಕೆಳಗೊಂದು ಹಳ್ಳದಲ್ಲಿ ಸಿಕ್ಕಿಕೊಂಡಿತು, ಪುಣ್ಯ. ಅಲ್ಲಿವರೆಗೆ ತೊಡೆಮಟ್ಟ ಹೂತುಕೊಳ್ಳುತ್ತ ಹೋದೆ. ಕೆಳಗೆ ಯಾರೂ ಇರಲಿಲ್ಲ ಅನ್ನುವುದನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಲ್ಯಾಬಿನ ಗೆಳೆಯ ಹುಟ್ಟಾ ಟಿರೋಲಿನವನು. ಅವನು ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದ. "ನೀನು ಒಂದು ದಿನಕ್ಕೆ ಎಷ್ಟು ಸಲ ಬೀಳ್ತೀಯ?" ಎಣಿಸಿದೆ. ಆರೇಳು ಸಲ. "ಹಾಗಾದ್ರೆ ಬೀಳುವವನ ಬೈಂಡಿಂಗ್ ತಗೋ."

ಅಲ್ಲಿಂದ ನನ್ನ ಲೆಕ್ಕವೇ ಬದಲಾಯಿತು. ಎಷ್ಟು ಬಲ ಬಿದ್ದರೆ ಬೂಟು ಬಿಡಬೇಕು ಅನ್ನುವುದಕ್ಕೆ ಒಂದು ಸಂಖ್ಯೆ ಇದೆ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಮಾಡುವ ರೀತಿ ಎಲ್ಲ ಕೇಳಿ ಅಂಗಡಿಯವರು ತೆಗೆಯುತ್ತಾರೆ. ನನ್ನದು 5ರ ಹತ್ತಿರ ಬಂತು. ರೇಸಿನ ಹಗುರದವುಗಳಲ್ಲಿ ಎಷ್ಟೋ ಬೈಂಡಿಂಗ್‌ಗೆ ತಿರುಗಿಸುವ ಸ್ಕ್ರೂವೇ ಇರುವುದಿಲ್ಲ, ಕಾರ್ಖಾನೆಯಲ್ಲಿ ಇಟ್ಟಷ್ಟೇ. ಅದು ಗಟ್ಟಿಮುಟ್ಟಾದ ರೇಸಿನವನ ಕಾಲಿಗೆ ಸರಿ. ನನ್ನ ಕಾಲಿಗೆ? ಇನ್ನೊಂದು ಸಂಗತಿ, ಕೆಲವದರಲ್ಲಿ ಹಿಮ್ಮಡಿ ತುಂಡನ್ನು ಹಿಂದೆ ಮುಂದೆ ಸರಿಸಲೂ ಆಗುವುದಿಲ್ಲ. ಬೂಟು ಬದಲಿಸಿದರೆ ಸ್ಕೀಗೆ ಮತ್ತೆ ತೂತು ಕೊರೆಯಬೇಕು. ಒಂದು ಸ್ಕೀಯಲ್ಲಿ ಎಷ್ಟು ಅಂತ ಕೊರೆಸುವುದು, ಅದೇನು ಇಡ್ಲಿ ತಟ್ಟೆಯೇ?

ಕೊನೆಗೆ ತಗೊಂಡಿದ್ದು ಬ್ರೇಕ್ ಸಮೇತ 400 ಗ್ರಾಂ ಆಸುಪಾಸಿನದು. ಬೂಟು ಬದಿಗೆ ಬಿಡುವುದಕ್ಕೂ ಮೇಲಕ್ಕೆ ಬಿಡುವುದಕ್ಕೂ ಬೇರೆ ಬೇರೆ ಸ್ಕ್ರೂ ಇದೆ, ಹಿಮ್ಮಡಿ ತುಂಡು ಸರಿಯುತ್ತದೆ. ಹಳೆಯದಕ್ಕಿಂತ ಕಾಲಿಗೆ 250 ಗ್ರಾಂ ಜಾಸ್ತಿ. ನಿಜ ಹೇಳಬೇಕೆಂದರೆ ನೇರ ಏರುವಾಗ ಅಷ್ಟು ಗೊತ್ತಾಗುವುದಿಲ್ಲ, ಸ್ಕೀಯನ್ನು ಎತ್ತುವುದಿಲ್ಲವಲ್ಲ, ತಳ್ಳುತ್ತೇವೆ. ಕಡಿದಾದ ಕಡೆ ಒಂಟಿಗಾಲಲ್ಲಿ ನಿಂತು ಸ್ಕೀ ಎತ್ತಿ ತಿರುಗಿಸುವಾಗ ಗೊತ್ತಾಗುತ್ತದೆ. ಆಗ ಒಂಚೂರು ಬೈದುಕೊಳ್ಳುತ್ತೇನೆ.

ಒಂದು ಅಭ್ಯಾಸ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಏರುವಾಗ ಮುಂದಿನ ಲಿವರ್ ಮೇಲಕ್ಕೆಳೆದು ಲಾಕ್ ಮಾಡುತ್ತೇವೆ, ಇಲ್ಲದಿದ್ದರೆ ಬೂಟು ಕಳಚಿಕೊಳ್ಳುತ್ತದೆ. ಇಳಿಯುವ ಮೊದಲು ಅದನ್ನು ಬಿಡಿಸಬೇಕು. ಮರೆತರೆ ಬಿದ್ದಾಗ ಸ್ಕೀ ಬಿಡುವುದಿಲ್ಲ, ಹಿಮಕುಸಿತಕ್ಕೆ ಸಿಕ್ಕರಂತೂ ಕಾಲಿಗೆ ಕಟ್ಟಿದ ಗುಂಡಿನ ಹಾಗೆ ಒಳಕ್ಕೆಳೆಯುತ್ತದೆ. ಹೋದ ಶನಿವಾರ ಹೊರಡಲು ಕೋಲು ಊರಿದೆ. ಹಿಂದಿನಿಂದ ಗುರುತಿಲ್ಲದ ಅಜ್ಜಿಯೊಬ್ಬರು ಕೋಲಿನಿಂದ ನನ್ನ ಬೂಟು ತಟ್ಟಿದರು. "ಲಿವರ್ ನೋಡ್ಕೋ ಮಗಾ" ಅನ್ನುವ ಧಾಟಿ. ಎರಡೂ ಲಾಕ್ ಆಗಿದ್ದವು. ನಾನು ಬಗ್ಗಿ ಬಿಡಿಸಿ ತಲೆ ಎತ್ತುವಷ್ಟರಲ್ಲಿ ಅವರು ಆಗಲೇ ಕೆಳಗಿನ ತಿರುವಿನಲ್ಲಿದ್ದರು.