ಮೈದನಹಳ್ಳಿ ಬಯಲಲ್ಲಿ ಮೊಲದ ಮರಿ

ಹೋಗಿದ್ದು ಕೃಷ್ಣಮೃಗ ನೋಡೋಕೆ. ಮಧುಗಿರಿ ತಾಲೂಕಿನ ಮೈದನಹಳ್ಳಿ ಹತ್ರ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಇದೆ, 2007ರಲ್ಲಿ ಘೋಷಣೆ ಆಗಿದ್ದು, ಎಲ್ಲಾ ಸೇರಿದ್ರೂ 800 ಎಕರೆ ಆಸುಪಾಸು ಅಷ್ಟೇ. ಕಂಡ್ವು, ಹಿಂಡು ಹಿಂಡಾಗೇ ಕಂಡ್ವು, ಕಪ್ಪು ಗಂಡೊಂದು ಕೊಂಬು ಬೆನ್ನಿಗೆ ತಾಗಿಸ್ಕೊಂಡು ಜಂಬದಲ್ಲಿ ಓಡಾಡ್ತಿತ್ತು. ಅದರ ಫೋಟೋ ಎಲ್ಲಾ ಕಡೆ ಸಿಗತ್ತೆ ಬಿಡಿ, ನಾನು ಬರೀಬೇಕು ಅಂದ್ಕೊಂಡಿದ್ದು ಬೇರೆ.

ಅದಕ್ಕೂ ಮುಂಚೆ ದಾರಿ ವಿಷಯ. ತುಮಕೂರಿಂದ ಕೊರಟಗೆರೆ, ಮಧುಗಿರಿವರೆಗೂ ಸಲೀಸು. ಪುರವರ ಆದ್ಮೇಲೆ ದಯವಿಟ್ಟು ಫೋನಿನ ಮ್ಯಾಪ್ ನಂಬ್ಬೇಡಿ, ಗಾಡಿ ನಿಲ್ಸಿ ಜನರನ್ನ ಕೇಳಿ. ನಮ್ಮನ್ನ ಅದು ಕಡಲೆಕಾಯಿ ಹೊಲದ ಬದು ಹತ್ತಿಸಿ "ನೇರ ಹೋಗಿ" ಅಂತು, ನೇರ ಹೋದ್ರೆ ಅಲ್ಲಿ ದಾರಿನೇ ಇಲ್ಲ, ಹಿಂದಿನ ರಾತ್ರಿ ಮಳೆ ಬೇರೆ ಬಂದಿತ್ತು, ಸ್ಕೂಟರ್ ಅರ್ಧ ಚಕ್ರ ಹೂತೋಯ್ತು, ಹೊಲದವರು ಬಂದು ಬೈದ್ರು, ಬೈದು ಆಮೇಲೆ ಅವರೇ ಎತ್ತಿ ಕೊಟ್ರು.

ಈಗ ವಿಷಯಕ್ಕೆ ಬರ್ತೀನಿ. ಬೇಲಿ ಒಳಗಲ್ಲ, ಆಚೆ, ಉಳುಮೆ ಬಿಟ್ಟು ಬೀಳು ಬಿದ್ದಿರೋ ಜಮೀನು. ಅಕ್ಟೋಬರ್ ಆಗಿದ್ರಿಂದ ಇಡೀ ನೆಲ ಹೂವು. ಅಣ್ಣೆ ಸೊಪ್ಪಿನ ಗುಲಾಬಿ ತೆನೆಗಳು, ನಡುನಡುವೆ ತುಂಬೆ, ಬದು ಮೇಲೆ ತಂಗಡಿ ಹಳದಿ, ಕೆಳಗೆ ನೋಡಿದ್ರೆ ಚಿಕ್ಕ ಚಿಕ್ಕ ನೀಲಿ ವಿಷ್ಣುಕ್ರಾಂತಿ. ನನ್ನ ಕೇಳಿದ್ರೆ ವೀಕೆಂಡ್‌ನಲ್ಲಿ ನಂದಿ ಬೆಟ್ಟದ ಟ್ರಾಫಿಕ್‌ನಲ್ಲಿ ನಿಲ್ಲೋರೆಲ್ಲ ಒಂದ್ಸಲ ಇಂಥ ಬಯಲಿಗೆ ಬರ್ಬೇಕು. ಅಥವಾ ಬೇಡ, ಬರ್ದೇ ಇದ್ರೇ ಒಳ್ಳೇದು.

ಫ್ರೆಂಡು ವಿಷ್ಣುಕ್ರಾಂತಿ ಫೋಟೋ ತೆಗಿಯೋಕೆ ಅಂತ ಕುಕ್ಕರುಗಾಲಲ್ಲಿ ಕೂತವನು ಹಾಗೇ ಇದ್ಬಿಟ್ಟ. ಕರೆದ್ರೆ ಮಾತಿಲ್ಲ, ಕೈಯಲ್ಲಿ ಸನ್ನೆ. ಹೋಗಿ ನೋಡಿದ್ರೆ ನಂಗೆ ಏನೂ ಕಾಣ್ಲಿಲ್ಲ, ಒಣಹುಲ್ಲು, ಮಣ್ಣು, ಆಮೇಲೆ ಒಂದು ಕಣ್ಣು. ಕಣ್ಣು ಸಿಕ್ಕಿದ್ಮೇಲೆ ಉಳಿದಿದ್ದೆಲ್ಲ ತಾನಾಗೇ ಕಾಣ್ತು, ಬೆನ್ನಿಗಂಟಿದ ಕಿವಿ, ಕಂದು ಬೂದು ಕೂದಲು, ಕತ್ತಿನ ಹಿಂದೆ ಕಪ್ಪು ಮಚ್ಚೆ. ಹುಲ್ಲಲ್ಲಿ ತನ್ನಷ್ಟೇ ಅಗಲದ ಒಂದು ಗುಳಿ, ಅದ್ರೊಳಗೆ ಮುದ್ದೆ ಕಟ್ಟಿಟ್ಟಂಗೆ ಕೂತಿದೆ ಮೊಲದ ಮರಿ. ಮೂಗು ಬಿಟ್ರೆ ಏನೂ ಅಲ್ಲಾಡ್ತಿಲ್ಲ. ಇನ್ನೊಂದು ನಾಕು ಮಾರು ಆಚೆ, ತುಂಬೆ ಗಿಡದ ಬುಡದಲ್ಲಿ. ನಮ್ಮ ನೆರಳು ಮೇಲೆ ಬಿದ್ರೂ ಎರಡೂ ಓಡ್ಲಿಲ್ಲ.

ಹಿಂದೆ ಸರಿದು ಬದು ಮೇಲೆ ನಿಂತ್ವಿ. ಮೇಕೆ ಹೊಡ್ಕೊಂಡು ಬಂದ ಒಬ್ರು ಅಜ್ಜ ನಮ್ಮ ಮುಖ ನೋಡಿ ಮೊದ್ಲು ಕೇಳಿದ್ದು, "ಮುಟ್ಟಿದ್ರಾ?"

ಇಲ್ಲ ಅಂದ್ವಿ.

"ತಾಯಿ ಬಿಟ್ಟೋಗಿರ್ಬೇಕಲ್ವಾ ಅಜ್ಜ, ಪಾಪ?" ಅಂದ ಫ್ರೆಂಡು.

"ಯಾಕ್ ಬಿಟ್ಟೋಗ್ತೈತೆ? ಇಲ್ಲೇ ಯಾವುದೋ ಪೊದೆಯಾಗೆ ಕುಂತಿರ್ತೈತೆ. ಹಗಲೊತ್ತು ಮರಿ ತಾವ ಬಂದ್ರೆ ನರಿಗೆ ದಾರಿ ತೋರ್ಸ್ದಂಗಲ್ವಾ? ಕತ್ಲಾದ್ಮ್ಯಾಕೆ ಬತ್ತೈತೆ, ಹಾಲು ಕೊಟ್ಟು ಹೋತೈತೆ."

"ದಿನಕ್ಕೆ ಒಂದೇ ಸಲನಾ?"

"ಮತ್ತೆ? ನಿಮ್ಮಂಗೆ ಗಂಟೆಗೊಂದು ಕಾಫಿನಾ?"

ಮೊಮ್ಮಗ ಒಂದ್ಸಲ ಇಂಥದ್ದೇ ಮರಿ ಎತ್ಕೊಂಡು ಬಂದು ಹಸು ಹಾಲು ಕುಡಿಸಿದ್ನಂತೆ, ಉಳೀಲಿಲ್ವಂತೆ. ಮೊಲದ ಹಾಲಲ್ಲಿ ಕೊಬ್ಬು ಸಿಕ್ಕಾಪಟ್ಟೆ, ದಿನಕ್ಕೊಂದೇ ಸಲ ಕುಡಿದ್ರೂ ಮರಿಗೆ ಸಾಕಾಗೋದು ಅದಕ್ಕೇ, ಹಸು ಹಾಲು ಅದರ ಹತ್ರಕ್ಕೂ ಬರಲ್ಲ. ಮನೇಲಿ ಸಾಕ್ತಾರಲ್ಲ ಬಿಳಿ ಮೊಲ, ಅದರ ಮರಿ ಕೂದಲಿಲ್ದೆ, ಕಣ್ಣು ಮುಚ್ಕೊಂಡು ಹುಟ್ಟತ್ತೆ, ಅದಕ್ಕೆ ಬಿಲ ಬೇಕು. ನಮ್ಮ ಕಾಡು ಮೊಲ ಬಯಲಲ್ಲೇ ಹೆರೋದು, ಮರಿ ಹುಟ್ತಾನೇ ಮೈತುಂಬ ಕೂದಲು, ಕಣ್ಣು ಬಿಟ್ಟಿರತ್ತೆ, ಆಮೇಲೆ ಒಂದೊಂದು ಒಂದೊಂದು ಕಡೆ ಅಡಗಿ ಕೂರೋದೇ ಕೆಲಸ. ಇದನ್ನೆಲ್ಲ ನಾನು ಅಜ್ಜಂಗೆ ಹೇಳಿದೆ. "ಊಂ, ಅದೇ ಅಲ್ವಾ ನಾನ್ ಹೇಳಿದ್ದು" ಅಂದ್ರು.

ಚಿಕ್ಕವರಿದ್ದಾಗ ಬಲೆ ಹಾಕಿ ಹಿಡೀತಿದ್ರಂತೆ, ಮುಚ್ಚಿಡ್ಲಿಲ್ಲ, ರುಚಿ ಹೇಗಿರ್ತಿತ್ತು ಅನ್ನೋದನ್ನೂ ಹೇಳಿದ್ರು. ಈಗ ಹಿಡಿದ್ರೆ ಫಾರೆಸ್ಟ್‌ನೋರು ಕೇಸ್ ಹಾಕ್ತಾರೆ, 1972ರ ವನ್ಯಜೀವಿ ಕಾಯ್ದೆ ಇದೆ. ಮಾತಾಡ್ತಾ ಮಾತಾಡ್ತಾ ಅವರು ಆಗಾಗ ಒಂದು ಕಲ್ಲು ಎಸೀತಿದ್ರು, ಸ್ವಲ್ಪ ಹೊತ್ತಾದ್ಮೇಲೆ ಗೊತ್ತಾಯ್ತು, ಮೇಕೆಗಳೆಲ್ಲ ಆ ಕಡೆ ಬದುವಿಗೆ ತಿರುಗಿದ್ವು, ಮರಿ ಇದ್ದ ಕಡೆ ಒಂದೂ ಬಂದಿರ್ಲಿಲ್ಲ.

ಅವರು ಹೋದ್ಮೇಲೆ ಒಂದು ದೊಡ್ಡ ಕಾರು ಬಂದು ನಿಲ್ತು. ಇಳಿದಿದ್ದು ಫ್ಯಾಮಿಲಿ, ಜೊತೆಗೆ ಬೆಲ್ಟ್ ಬಿಚ್ಚಿದ ಲ್ಯಾಬ್ರಡಾರ್, ಅದು ಇಳಿದಿದ್ದೇ ಹೂವಿನ ಕಡೆ. ನಾನು ಹೋಗಿ ಸಾರ್ ನಾಯೀನ ಕಟ್ಕೊಳ್ಳಿ ಅಂದೆ. "ಬರೀ ಹುಲ್ಲಲ್ವಾ, ಏನಿದೆ ಅಲ್ಲಿ?" ಅಂದ್ರು. ಮೊಲ ಇದೆ ಅಂದ್ರೆ ಇಡೀ ಕಾರೇ ಹೋಗಿ ಸೆಲ್ಫಿ ತಗೊಳತ್ತೆ, ಏನಿಲ್ಲ ಅಂದ್ರೆ ನಾಯಿ ನಿಲ್ಲಲ್ಲ. ನಾನು ತೊದಲ್ತಾ ಇದ್ದಾಗ ಫ್ರೆಂಡು ಹಿಂದಿನಿಂದ ತಣ್ಣಗೆ, "ಕೊಳಕುಮಂಡಲ ಸಾರ್, ಈಗಷ್ಟೇ ನೋಡಿದ್ವಿ" ಅಂದ.

ನಾಯಿ ಮೊದ್ಲು ಹತ್ತಿತೋ ಯಜಮಾನ್ರು ಮೊದ್ಲು ಹತ್ತಿದ್ರೋ ಗೊತ್ತಾಗ್ಲಿಲ್ಲ.