ಗಾಜಿನ ಮೇಲೆ ಕಪ್ಪು ‘ಆರ್’

2018ರ ಜೂನ್‌ನಲ್ಲಿ ಮಿಷಿಗನ್ ಬಿಟ್ಟು ಮ್ಯಾಸಚೂಸೆಟ್ಸ್‌ಗೆ ಬಂದೆವು. ಸಾಮಾನೆಲ್ಲ ಲಾರಿಯಲ್ಲಿ, ನಾವು ಮೂವರು ನಮ್ಮ ಹಳೇ ಕಾರಿನಲ್ಲಿ. ಮಿಷಿಗನ್‌ನಲ್ಲಿ ಎಂಟು ವರ್ಷ ಓಡಿಸಿದ್ದರೂ ಆ ಕಾರಿನ ಹೊಟ್ಟೆಯನ್ನು ಯಾರೂ ಬಗ್ಗಿ ನೋಡಿರಲಿಲ್ಲ. ಅಲ್ಲಿ ಇನ್‌ಸ್ಪೆಕ್ಷನ್ ಅನ್ನೋದೇ ಇಲ್ಲ. ಇನ್ಶೂರೆನ್ಸ್ ಕಟ್ಟಿ, ರಿಜಿಸ್ಟ್ರೇಷನ್ ದುಡ್ಡು ಕಟ್ಟಿದರೆ ಮುಗೀತು.

ಇಲ್ಲಿ ಮೊದಲು ಇನ್ಶೂರೆನ್ಸ್ ಏಜೆಂಟರ ಸೀಲ್ ಬೇಕು. ಅದಿಲ್ಲದೆ ಆರ್‌ಎಂವಿ, ಅಂದರೆ ಇಲ್ಲಿನ ಆರ್‌ಟಿಒ, ಅರ್ಜಿ ತೆಗೆದುಕೊಳ್ಳುವುದಿಲ್ಲ. “ಅಮೆರಿಕದಲ್ಲೂ ರಬ್ಬರ್ ಸ್ಟಾಂಪಾ!” ಅಂತ ನನ್ನ ಹೆಂಡತಿ ನಕ್ಕಳು. ಟೈಟಲ್‌ಗೆ, ಅಂದರೆ ಕಾರಿನ ಒಡೆತನದ ಪತ್ರಕ್ಕೆ 75 ಡಾಲರ್, ಎರಡು ವರ್ಷದ ರಿಜಿಸ್ಟ್ರೇಷನ್‌ಗೆ 60. ಕಾರನ್ನು ಬೇರೆ ರಾಜ್ಯದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಬಳಸಿದ್ದರಿಂದ 6.25% ತೆರಿಗೆ ತಪ್ಪಿತು. ಪುಣೆಯಿಂದ ಬೆಂಗಳೂರಿಗೆ ಗಾಡಿ ತಂದು ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಿದ್ದ ನಮ್ಮ ಭಾವ ಇದನ್ನು ಕೇಳಿದರೆ ಹೊಟ್ಟೆ ಉರಿದುಕೊಳ್ಳುತ್ತಾರೆ.

ಕೈಗೆ ಎರಡು ನಂಬರ್ ಪ್ಲೇಟ್ ಕೊಟ್ಟರು. ಮಿಷಿಗನ್‌ನಲ್ಲಿ ಹಿಂದೆ ಒಂದೇ ಪ್ಲೇಟ್. ಹಾಗಾಗಿ ನಮ್ಮ ಕಾರಿನ ಮುಂದೆ ಅದನ್ನು ಕೂರಿಸೋಕೆ ಜಾಗವೇ ಇರಲಿಲ್ಲ! ಬಂಪರ್‌ಗೆ ನಾನೇ ಡ್ರಿಲ್ ಹಾಕಿದೆ. ಸ್ವಲ್ಪ ಸೊಟ್ಟಗಾಯಿತು, ಇರಲಿ.

ರಿಜಿಸ್ಟರ್ ಆದ ಏಳು ದಿನದೊಳಗೆ ಇನ್‌ಸ್ಪೆಕ್ಷನ್ ಮಾಡಿಸಬೇಕು. 35 ಡಾಲರ್ ಕೊಟ್ಟು ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಹಾರ್ನ್, ಲೈಟು, ವೈಪರ್ ಎಲ್ಲ ಪಾಸು. ಆಮೇಲೆ ಅಲ್ಲಿನ ಅಜ್ಜ ಕಾರನ್ನು ಮೇಲಕ್ಕೆತ್ತಿ, ಸ್ಕ್ರೂ ಡ್ರೈವರ್‌ನಿಂದ ತಳ ಕುಟ್ಟಿದ. ತುಕ್ಕು ಹಪ್ಪಳದ ಹಾಗೆ ಉದುರಿತು. ಮಿಷಿಗನ್‌ನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಕೆಲಸ. ಹಿಂದಿನ ಸೀಟಿನ ಕೆಳಗೆ ನನ್ನ ಅಂಗೈ ತೂರುವಷ್ಟು ತೂತು.

“ಇದರಿಂದ ಹೊಗೆ ಒಳಗೆ ಬರುತ್ತೆ. ಹಿಂದೆ ಯಾರು ಕೂರ್ತಾರೆ?” ಅಂತ ಕೇಳಿದ.

ಹಿಂದೆ ಕೂರುವುದು ನಮ್ಮ ಮಗಳು. ಒಂದು ವರ್ಷದಿಂದ ಅವಳು “ಅಪ್ಪಾ, ವಾಸನೆ” ಅನ್ನುತ್ತಿದ್ದಳು. ಕಾರಿನಲ್ಲಿ ಹೊಟ್ಟೆ ತೊಳಸುತ್ತೆ ಅಂದುಕೊಂಡು ನಾವು ಪೆಪ್ಪರ್‌ಮಿಂಟ್ ಕೊಡುತ್ತಿದ್ದೆವು. ಸುಮ್ನೆ ನಿಂತುಬಿಟ್ಟೆ.

ಅಜ್ಜ ಗಾಜಿಗೆ ಕಪ್ಪು ‘ಆರ್’ ಅಂಟಿಸಿದ. ‘ಆರ್’ ಅಂದರೆ ರಿಜೆಕ್ಟ್. ಹೊಗೆ ಪರೀಕ್ಷೆಯಲ್ಲಿ ಫೇಲಾದರೆ ಕೆಂಪು, ಸುರಕ್ಷತೆಯಲ್ಲಾದರೆ ಕಪ್ಪು. ಕಪ್ಪು ಬಿದ್ದರೆ ರಿಪೇರಿ ಆಗುವ ತನಕ ಓಡಿಸುವಂತಿಲ್ಲ. ಅಲ್ಲೇ ಬಿಟ್ಟು ತಗಡು ವೆಲ್ಡಿಂಗ್ ಮಾಡಿಸಿದೆ. 60 ದಿನದೊಳಗೆ ಹೋದರೆ ಎರಡನೇ ಪರೀಕ್ಷೆಗೆ ದುಡ್ಡಿಲ್ಲ. ಐದನೇ ದಿನ ‘ಆರ್’ ಕೆರೆದು ಹೊಸ ಸ್ಟಿಕರ್ ಹಾಕಿದರು.

ಆ ಸಂಜೆ ಮಿಷಿಗನ್‌ನ ಗೆಳೆಯನಿಗೆ ಫೋನ್ ಮಾಡಿದೆ. ಅವನದೂ ಅದೇ ವರ್ಷದ ಕಾರು.

“ಒಂದ್ಸಲ ಕಾರ್ಪೆಟ್ ಎತ್ತಿ ನೋಡೋ.”

“ನೋಡಿದ್ರೆ ರಿಪೇರಿ ಮಾಡಿಸ್ಬೇಕಾಗುತ್ತೆ ಮಾರಾಯ. ಬೇಡ ಬಿಡು” ಅಂದ.